ಶಿಫಾರಸು ಪತ್ರ ಕೇಳಿ ಬಂದವರು

ಧರ್ಮಸ್ಥಳಕ್ಕೆ ಜನ ಬರುವುದು ಹರಕೆ ಒಪ್ಪಿಸುವುದಕ್ಕೆ ಮಾತ್ರ ಅಲ್ಲ. ಗಡಿ ತಕರಾರು, ಅಣ್ಣತಮ್ಮಂದಿರ ಪಾಲಿನ ಜಗಳ, ಕೊಟ್ಟ ಹಣ ವಾಪಸು ಬಾರದ ಸಂಕಟ, ಇಂಥವನ್ನೆಲ್ಲ ಹೊಯ್ಲು ಎಂದು ಧರ್ಮಾಧಿಕಾರಿ ಹೆಗ್ಗಡೆಯವರ ಮುಂದಿಡುವುದು ಅಲ್ಲಿಯ ಹಳೆಯ ಕ್ರಮ. ಆ ಸಾಲಿನಲ್ಲಿ ಇನ್ನೊಂದು ಬಗೆಯವರೂ ಬಂದು ನಿಲ್ಲತೊಡಗಿದರು. ಒಗೆದು ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಅಂಕಪಟ್ಟಿ, ಜೊತೆಗೆ ಅಪ್ಪನೋ ಸೋದರಮಾವನೋ. ಅವರಿಗೆ ನ್ಯಾಯ ಬೇಕಿರಲಿಲ್ಲ, ಕೆಲಸ ಬೇಕಿತ್ತು. ಬ್ಯಾಂಕಿಗೋ ಸರಕಾರಿ ಕಚೇರಿಗೋ ಖಾವಂದರ, ಅಂದರೆ ಹೆಗ್ಗಡೆಯವರ, ಒಂದು ಪತ್ರ ಸಿಕ್ಕಿದರೆ ಸಾಕು ಎಂಬ ನಂಬಿಕೆ. ಉಜಿರೆಯ ರುಡ್‌ಸೆಟ್ ಎಂಬ ಸ್ವ ಉದ್ಯೋಗ ತರಬೇತಿ ಸಂಸ್ಥೆ ಹೇಗೆ ಹುಟ್ಟಿತು ಎಂದು ಯಾರನ್ನು ಕೇಳಿದರೂ ಕಥೆ ಈ ಪತ್ರಗಳಿಂದಲೇ ಶುರುವಾಗುತ್ತದೆ. ಎಷ್ಟು ಪತ್ರ ಬರೆದರೂ ಅಷ್ಟು ಕೆಲಸಗಳೇ ಇರಲಿಲ್ಲ.

ಸಂಸ್ಥೆಯವರು ಸ್ಮರಣ ಸಂಚಿಕೆಗೆ ಬರೆಯಿರಿ ಎಂದಾಗ ನಾನು ಮೊದಲು ಒಂದು ಷರತ್ತು ಹಾಕಿದೆ: ನಾನು ಬ್ಯಾಂಕಿನ ಕೌಂಟರಿನ ಒಳಗಡೆ ಕೂತು ನೋಡಿದವನು, ತರಬೇತಿ ಕೊಟ್ಟವನಲ್ಲ, ಪಡೆದವನೂ ಅಲ್ಲ, ಹಾಗಾಗಿ ಹೊಗಳಿಕೆಯ ಲೇಖನ ನನ್ನಿಂದ ಆಗದು. ಅವರು ಒಪ್ಪಿದರು.

ಎಂಬತ್ತರ ದಶಕದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಎರಡು ವಸ್ತುಗಳಿಗೆ ಬರವಿರಲಿಲ್ಲ: ಶಾಲೆ ಮತ್ತು ಬ್ಯಾಂಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದು ಜಿಲ್ಲೆಯ ಹೊಟ್ಟೆಯಲ್ಲಿ ಇಷ್ಟು ಬ್ಯಾಂಕು ಹುಟ್ಟಿದ ಉದಾಹರಣೆ ಈ ದೇಶದಲ್ಲಿ ಬಹಳ ಇಲ್ಲ. ಆದರೆ ಬ್ಯಾಂಕಿನ ಪಕ್ಕದ ಮನೆಯ ಹುಡುಗನಿಗೆ ಬ್ಯಾಂಕು ಎಂದರೆ ಗುಮಾಸ್ತನ ಕೆಲಸ ಸಿಗಬಹುದಾದ ಜಾಗ, ಅಷ್ಟೆ. ಅಲ್ಲಿಂದ ಸಾಲ ತಂದು ತಾನೇ ಒಂದು ಕೆಲಸ ಹುಟ್ಟಿಸಬಹುದು ಎಂಬುದು ಅವನ ಮನೆಯಲ್ಲಿ ಯಾರಿಗೂ ತೋಚಿದ್ದಲ್ಲ.

1974ರ ಭೂಸುಧಾರಣೆಯಿಂದ ಗೇಣಿಯವರಿಗೆ ಭೂಮಿ ಬಂತು. ಆದರೆ ಬಂದದ್ದು ತುಂಡು ಗದ್ದೆ, ನಾಲ್ಕು ಮಕ್ಕಳಿಗೆ ಹಂಚಿದರೆ ಅಂಗಳದಷ್ಟು. ಅಮ್ಮನೂ ಅಕ್ಕಂದಿರೂ ಬೀಡಿ ಕಟ್ಟಿ, ಬೀಡಿ ಕಂಪನಿಯ ಬ್ರಾಂಚಿಗೆ ಲೆಕ್ಕ ಒಪ್ಪಿಸಿ, ಆ ದುಡ್ಡಲ್ಲಿ ಹುಡುಗನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸುತ್ತಿದ್ದರು. ಪಾಸಾದರೆ ಪಿಯುಸಿ. ಫೇಲಾದರೆ ಬೊಂಬಾಯಿ ಬಸ್ಸು. ಇದನ್ನು ಕೀಳಾಗಿ ಹೇಳುತ್ತಿಲ್ಲ. ನಮ್ಮ ಕರಾವಳಿಯ ಯುವಕರ ಪಾಲಿಗೆ ಮುಂಬಯಿಯ ಹೋಟೆಲು ಮತ್ತು ಅಲ್ಲಿಯ ಕನ್ನಡ ರಾತ್ರಿ ಶಾಲೆ ಎರಡೂ ಸೇರಿಯೇ ಮೊದಲ ಉದ್ಯೋಗ ಯೋಜನೆ. ಹಗಲೆಲ್ಲ ಕಪ್ಪು-ಬಸಿ ತೊಳೆದು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿ, ಮುಂದೆ ವಕೀಲರಾದವರು, ಹೋಟೆಲ್ ಮಾಲೀಕರಾದವರು ಬೇಕಾದಷ್ಟು ಮಂದಿ. ಆ ಏರ್ಪಾಡಿಗೆ ಸರಕಾರದ ಆದೇಶ ಇರಲಿಲ್ಲ, ಅನುದಾನ ಇರಲಿಲ್ಲ. ಊರಿನ ಒಬ್ಬ ಅಣ್ಣ ಇನ್ನೊಬ್ಬ ತಮ್ಮನನ್ನು ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದ. ಆ 'ನಿಲ್ಲಿಸುವುದು' ಎಂಬ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಸರಕಾರ ಸುಮ್ಮನಿತ್ತು ಎಂದಲ್ಲ. 1979ರ ಆಗಸ್ಟ್ 15ರಂದು ಗ್ರಾಮೀಣ ಯುವಕರ ಸ್ವ ಉದ್ಯೋಗ ತರಬೇತಿಗೆಂದು ಟ್ರೈಸೆಮ್ ಯೋಜನೆ ಬಂತು. 18ರಿಂದ 35 ವಯಸ್ಸಿನವರಿಗೆ ತರಬೇತಿ, ತಿಂಗಳಿಗೆ ಇಷ್ಟು ಎಂದು ಭತ್ಯೆ. ಮರುವರ್ಷ ಅಕ್ಟೋಬರ್ 2ರಿಂದ ಬಡವರಿಗೆ ಸಾಲ-ಸಬ್ಸಿಡಿ ಕೊಡುವ ಐಆರ್‌ಡಿಪಿ ದೇಶದ ಎಲ್ಲ ಬ್ಲಾಕುಗಳಿಗೂ ಹರಡಿತು. 1983ರಲ್ಲಿ ಕಲಿತ ನಿರುದ್ಯೋಗಿಗಳಿಗೆ 25,000 ರೂಪಾಯಿವರೆಗಿನ ಸಾಲದ ಯೋಜನೆ. ಹೆಸರು ಬೇರೆ ಬೇರೆ, ರೋಗ ಒಂದೇ. ಟ್ರೈಸೆಮ್‌ಗೆ ಬಂದವರಲ್ಲಿ ಎಷ್ಟೋ ಮಂದಿಗೆ ಭತ್ಯೆಯೇ ಉದ್ಯೋಗ; ಭತ್ಯೆ ನಿಂತ ದಿನ ಹೊಲಿಗೆ ಯಂತ್ರವೂ ನಿಂತಿತು. ಐಆರ್‌ಡಿಪಿಯ ಒಂದೇ ಎಮ್ಮೆ ನಾಲ್ಕು ಫೈಲುಗಳಲ್ಲಿ ಹಾಲು ಕೊಡುತ್ತದೆ ಎಂದು ನಾವು ಬ್ಯಾಂಕಿನವರು ನಗೆಯಾಡುತ್ತಿದ್ದೆವು. ಫೈಲಿಗೆ ಸಹಿ ಹಾಕಿದವರೂ ನಾವೇ.

ನಮ್ಮ ಜಿಲ್ಲೆಯವರೇ ಆದ ಜನಾರ್ದನ ಪೂಜಾರಿಯವರು ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ ಸಾಲ ಮೇಳದ ಕಾಲವೂ ಅದೇ. ಮೈದಾನದಲ್ಲಿ ಶಾಮಿಯಾನ, ಮೈಕಿನಲ್ಲಿ ಹೆಸರು, ವೇದಿಕೆಯ ಮೇಲೆ ಚೆಕ್ಕು. ನನ್ನ ಸಹೋದ್ಯೋಗಿಗಳು ಹಿಡಿಶಾಪ ಹಾಕುತ್ತಿದ್ದರು, ನಾನೂ ಹಾಕಿದವನೇ. ಈಗ ಯೋಚಿಸಿದರೆ ಆ ಮೇಳಗಳು ಒಂದು ಕೆಲಸವನ್ನಂತೂ ಮಾಡಿದವು ಎನಿಸುತ್ತದೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಮೀನು ಮಾರುವ ಹೆಂಗಸು, ಕ್ಷೌರದಂಗಡಿಯವನು, 'ನನಗೂ ಒಂದು ಸಾಲ ಉಂಟು' ಎಂದು ನೆಟ್ಟಗೆ ನಿಂತು ಕೇಳಲು ಕಲಿತರು. ಆದರೆ ಶಾಮಿಯಾನ ಬಿಚ್ಚಿದ ಮೇಲೆ ಅವರ ಜೊತೆ ಯಾರೂ ಉಳಿಯಲಿಲ್ಲ. ಒಂದೇ ಜಿಲ್ಲೆಯಲ್ಲಿ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಮೈದಾನದಲ್ಲಿ ತರಬೇತಿ ಇಲ್ಲದ ಸಾಲ ಸಿಗುತ್ತಿತ್ತು. ಉಜಿರೆಯಲ್ಲಿ ಸಾಲ ಕೊಡದ ತರಬೇತಿ ಶುರುವಾಗಿತ್ತು.

1982ರಲ್ಲಿ ಶುರುವಾದ ಈ ಸಂಸ್ಥೆಯ ಪೂರ್ಣ ಹೆಸರು ಗ್ರಾಮೀಣ ಅಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ. ಯಾರೂ ಹಾಗೆ ಕರೆಯುವುದಿಲ್ಲ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಶನಲ್ ಟ್ರಸ್ಟ್, ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕು ಸೇರಿ ಅದನ್ನು ಕಟ್ಟಿದವು. 1968ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಧರ್ಮಾಧಿಕಾರಿಯಾದ ಹೆಗ್ಗಡೆಯವರು ಪತ್ರ ಕೇಳಿ ಬರುವ ಹುಡುಗರಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವರೇನೂ ಆಗಿರಲಿಲ್ಲ. ಆ ಹುಡುಗರ ಕಳವಳ ಹೆಗ್ಗಡೆಯವರಿಗೆ ಅರ್ಥವಾದದ್ದಕ್ಕೆ ಅದೂ ಒಂದು ಕಾರಣ ಇರಬಹುದು ಎಂದು ನನ್ನ ಊಹೆ. ಉಜಿರೆ ಅಷ್ಟರಲ್ಲಾಗಲೇ ವಿದ್ಯೆಯ ಊರು. ಸಿದ್ಧವನ ಗುರುಕುಲ ಅಲ್ಲಿತ್ತು, 1966ರಿಂದ ಕಾಲೇಜೂ ಇತ್ತು. ಕ್ಷೇತ್ರದ ಹೆಸರಿನ ಬಲಕ್ಕೆ ಬ್ಯಾಂಕುಗಳು ತಮ್ಮ ಜನರನ್ನು ಕೂಡಿಸಿದವು. ಈ 'ತಮ್ಮ ಜನ' ಎಂಬುದೇ ನನಗೆ ಮುಖ್ಯ ಎನಿಸುವ ಸಂಗತಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಳಗಿನ ದಿನಚರಿ. ಶಿಬಿರಾರ್ಥಿಗೆ ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಭತ್ಯೆ ಮಾತ್ರ ಇಲ್ಲ. ಭತ್ಯೆ ಇಲ್ಲದ್ದರಿಂದ ಭತ್ಯೆಗಾಗಿ ಬರುವವರೂ ಇಲ್ಲ, ಜರಡಿ ಬಾಗಿಲಲ್ಲೇ ಆಡುತ್ತದೆ. ಒಂದು ವಾರದಿಂದ ಆರು ವಾರದವರೆಗೆ ಅಲ್ಲೇ ವಾಸ. ಬೆಳಿಗ್ಗೆ ಯೋಗ, ಪ್ರಾರ್ಥನೆ, ಕತ್ತಿ-ಪೊರಕೆ ಹಿಡಿದು ಶ್ರಮದಾನ. ತರಗತಿ ಶುರುವಾಗುವುದು 'ಮಿಲ್ಲಿ'ಯಿಂದ. ಯಾರ ಹೆಸರೂ ಅಲ್ಲ ಅದು, ಇಂಗ್ಲಿಷ್ ಪದಗಳ ಮೊದಲಕ್ಷರಗಳ ಕೂಡಿಕೆ. ನಿನ್ನೆ ಕಲಿತದ್ದರಲ್ಲಿ ಯಾವುದು ಮುಖ್ಯ ಎಂದು ಒಬ್ಬೊಬ್ಬರೇ ಎದ್ದು ಹೇಳಬೇಕು. ಏಳನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗನಿಗೆ ಮೂವತ್ತು ಮಂದಿಯ ಮುಂದೆ ಎದ್ದು ನಿಂತು ಎರಡು ವಾಕ್ಯ ಹೇಳುವುದೆಂದರೆ ಚಾರ್ಮಾಡಿ ಘಾಟಿ ಹತ್ತಿದ ಹಾಗೆ. ಮೂರನೆಯ ದಿನಕ್ಕೆ ಅವನನ್ನು ಕೂರಿಸುವುದು ಕಷ್ಟ.

ಆಟಗಳೂ ಉಂಟು. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಯಂಥ ರಿಂಗು. ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಎಸೆಯುವವನೇ ತೀರ್ಮಾನಿಸಬೇಕು. ಒಬ್ಬ ಗೂಟದ ಮೂಗಿನ ಬಳಿ ನಿಂತು ತೊಡಿಸಿಯೇ ಬಿಡುತ್ತಾನೆ. ಇನ್ನೊಬ್ಬ ಗೋಡೆಗೆ ಆನಿಕೊಂಡು ದೇವರ ಮೇಲೆ ಭಾರ ಹಾಕುತ್ತಾನೆ. ಹತ್ತಿರದವನು ಸೋಲಲು ಹೆದರುವವನು. ಗೋಡೆಯ ಬಳಿಯವನು ಲಾಟರಿ ಚೀಟಿ ಕೊಳ್ಳುವವನು. ಸುಲಭವೂ ಅಲ್ಲದ, ಅಸಾಧ್ಯವೂ ಅಲ್ಲದ ನಡುದೂರ ಆರಿಸಿ, ತಪ್ಪಿದರೆ ಅರ್ಧ ಹೆಜ್ಜೆ ಮುಂದೆ ಬಂದು ಮತ್ತೆ ಎಸೆಯುವವನಲ್ಲಿ ಉದ್ಯಮಿಯ ಕಸುವಿದೆ ಎಂದು ಲೆಕ್ಕ. ಇದರ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್. 1964ರ ಸುಮಾರಿಗೆ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಹೈದರಾಬಾದಿನ ಸಂಸ್ಥೆಯೊಂದರಲ್ಲಿ ತರಬೇತಿ ಕೊಟ್ಟು, ಸಾಧಿಸುವ ಹಂಬಲ ಹುಟ್ಟುಗುಣ ಅಲ್ಲ, ಕಲಿಸಬಹುದಾದದ್ದು ಎಂದು ತೋರಿಸಲು ಹೊರಟವರು ಅವರು. ಅವರ ಸಿದ್ಧಾಂತದ ಮೇಲೆ ತಕರಾರು ತೆಗೆದ ಪಂಡಿತರು ಇದ್ದಾರೆ. ರಿಂಗಿನ ಆಟ ನೋಡಿದ ನನಗೆ ಆ ತಕರಾರು ಮುಖ್ಯವೆನಿಸಿಲ್ಲ. ನಾನೂ ಒಮ್ಮೆ ಎಸೆದೆ. ಗೂಟದ ಮೂಗಿನ ಬಳಿ ನಿಂತು.

ಇನ್ನೊಂದು ಆಟದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪಕ್ಕದಲ್ಲಿ ಅಪ್ಪ ಅಮ್ಮನ ಪಾತ್ರದ ಇಬ್ಬರು. 'ನಿನ್ನಿಂದ ಆಗ್ಲಿಕ್ಕಿಲ್ಲ ಮಾರಾಯ' ಎನ್ನುವ ಮನೆಯಲ್ಲಿ ಗೋಪುರ ಎಷ್ಟು ಎತ್ತರ ಏರುತ್ತದೆ, 'ಸ್ವಲ್ಪ ಬಲಕ್ಕೆ, ಹಾಂ, ಇಡು' ಎನ್ನುವ ಮನೆಯಲ್ಲಿ ಎಷ್ಟು ಏರುತ್ತದೆ ಎಂದು ಎಣಿಸಿ ಹಲಗೆಯ ಮೇಲೆ ಬರೆಯುತ್ತಾರೆ. ಆಮೇಲೆ ಕೆಲ ಹೊತ್ತು ತರಗತಿಯಲ್ಲಿ ಯಾರೂ ಮಾತಾಡುವುದಿಲ್ಲ.

ಕಸುಬಿನ ಪಾಠ ಇದರ ಜೊತೆಜೊತೆಗೇ ನಡೆಯುತ್ತದೆ: ಮೋಟಾರ್ ರಿವೈಂಡಿಂಗ್, ದ್ವಿಚಕ್ರ ವಾಹನ ದುರಸ್ತಿ, ಹೊಲಿಗೆ, ಹೈನುಗಾರಿಕೆ, ಜೇನು, ಫೋಟೊಗ್ರಫಿ, ಬ್ಯೂಟಿ ಪಾರ್ಲರ್. ಅದರ ನಡುವೆ ಒಂದು ದಿನ ಪೇಟೆಗೆ ಅಟ್ಟುತ್ತಾರೆ, ಮಾರುಕಟ್ಟೆ ಸಮೀಕ್ಷೆ ಎಂದು. ಬೆಳ್ತಂಗಡಿಯಲ್ಲಿ ಎಷ್ಟು ಪಂಪ್‌ಸೆಟ್ ರಿಪೇರಿ ಅಂಗಡಿ ಇವೆ, ತಾಮ್ರದ ತಂತಿ ಎಲ್ಲಿಂದ ತರುತ್ತಾರೆ, ಮಳೆಗಾಲದಲ್ಲಿ ಕೆಲಸ ಇರುತ್ತದೋ ಇಲ್ಲವೋ, ಉದ್ರಿ ಎಷ್ಟು ನಿಲ್ಲುತ್ತದೆ, ಎಲ್ಲವನ್ನೂ ಕೇಳಿಕೊಂಡು ಬರಬೇಕು. ಅಂಗಡಿಯವ ಗದರಿದರೆ ಅದೂ ಪಾಠ. ಬಂದು ಯೋಜನಾ ವರದಿ ಬರೆಯಬೇಕು. ಗಣಿತದಲ್ಲಿ ಮೂರು ಬಾರಿ ಫೇಲಾದ ಹುಡುಗ ತನ್ನ ಅಂಗಡಿಯ ಬಾಡಿಗೆ, ಸವಕಳಿ, ಬಡ್ಡಿ, ತಿಂಗಳ ಕಂತು ಹಾಕಿ ಕಾಸಿಗೆ ಕಾಸು ಕೂಡಿಸುವುದನ್ನು ನೋಡಿದರೆ, ಶಾಲೆಯಲ್ಲಿ ಅವನಿಗೆ ಬಾರದೇ ಇದ್ದದ್ದು ಗಣಿತ ಹೌದೋ ಅಲ್ಲವೋ ಎಂಬ ಸಂಶಯ ಬರುತ್ತದೆ. ಅಂಥವರಲ್ಲಿ ಕೆಲವರು ಆಮೇಲೆ ಪರೀಕ್ಷೆಗೆ ಪುನಃ ಕಟ್ಟಿದ್ದನ್ನು ಕಂಡಿದ್ದೇನೆ. ಈ ಬಾರಿ ಅಪ್ಪ ಹೇಳಿದರೆಂದು ಕಟ್ಟಿದ್ದಲ್ಲ.

ಈಗ ಆ 'ತಮ್ಮ ಜನ'ದ ಸಂಗತಿ. ಈ ಸಂಸ್ಥೆಯ ನಿರ್ದೇಶಕನ ಕುರ್ಚಿಯಲ್ಲಿ ಕೂರುವವರು ಬ್ಯಾಂಕಿನಿಂದ ನಿಯೋಜನೆಯ ಮೇಲೆ ಬಂದ ಅಧಿಕಾರಿಗಳು. ಅಂದರೆ ಯಾವ ಅರ್ಜಿ ಯಾವ ಕಾರಣಕ್ಕೆ ಮ್ಯಾನೇಜರನ ಮೇಜಿನ ಎಡಗಡೆ ಉಳಿಯುತ್ತದೆ, ಯಾವುದು ಬಲಗಡೆಗೆ ದಾಟುತ್ತದೆ ಎಂಬ ಒಳಗುಟ್ಟು ಬಲ್ಲವರು. ಐಟಿಐಯ ಮಾಸ್ತರರಿಗೆ ಕಸುಬು ಗೊತ್ತಿರುತ್ತದೆ, ಇದು ಗೊತ್ತಿರುವುದಿಲ್ಲ. ಇನ್ನೊಂದು ಲಾಭವೂ ಇತ್ತು, ಅದನ್ನು ಯಾರೂ ವರದಿಯಲ್ಲಿ ಬರೆಯುವುದಿಲ್ಲ: ಮೂರ್ನಾಲ್ಕು ವರ್ಷ ಅಲ್ಲಿ ಶಿಬಿರಾರ್ಥಿಗಳ ಜೊತೆ ಉಂಡು ಶಾಖೆಗೆ ಮರಳಿದ ಅಧಿಕಾರಿ ಮೊದಲಿನ ಅಧಿಕಾರಿಯಾಗಿರುತ್ತಿರಲಿಲ್ಲ. ಎದುರಿಗೆ ಅಂಗಿಯ ತುದಿ ಹಿಡಿದು ನಿಂತವನನ್ನು ಅವನು 'ಕೂತ್ಕೊ' ಎನ್ನುತ್ತಿದ್ದ.

ನಾನು ಅಲ್ಲಿಗೆ ನಿಯೋಜನೆ ಹೋದವನಲ್ಲ. ಹಳ್ಳಿಯ ಶಾಖೆಯೊಂದರಲ್ಲಿ ನಾನು ಸಾಲದ ಮೇಜಿನಲ್ಲಿದ್ದಾಗ ತರಬೇತಿ ಮುಗಿಸಿದ ಒಬ್ಬ ಹುಡುಗ ಬಂದ. ರಿವೈಂಡಿಂಗ್ ಅಂಗಡಿ ಹಾಕುತ್ತೇನೆ ಎಂದ. ವರದಿ ಚೊಕ್ಕವಾಗಿತ್ತು, ನನ್ನ ಕೆಲವು ಕಿರಿಯ ಅಧಿಕಾರಿಗಳ ಟಿಪ್ಪಣಿಗಿಂತ ಚೊಕ್ಕ. ಅದು ಮಾರ್ಚ್ ತಿಂಗಳು, ವರ್ಷಾಂತ್ಯದ ಲೆಕ್ಕ ಮುಗಿಯಬೇಕಿತ್ತು. 'ಮುಂದಿನ ವಾರ ಬಾ' ಎಂದೆ. ಬಂದ. ಆಗ ಇನ್ಸ್‌ಪೆಕ್ಷನ್. ಮತ್ತೆ ಬಂದ. ಜಾಮೀನಿಗೆ ಯಾರಾದರೂ ಉಂಟೋ ಎಂದು ಕೇಳಿದೆ. ಅಷ್ಟು ಸಣ್ಣ ಸಾಲಕ್ಕೆ ನಾನು ಅದನ್ನು ಕೇಳಬೇಕಾಗಿರಲಿಲ್ಲ. 'ವಿಚಾರಿಸಿ ಬರ್ತೇನೆ ಸರ್' ಎಂದು ಹೋದವನು ಬರಲಿಲ್ಲ. ಅವನ ಅರ್ಜಿ ಬಹಳ ದಿನ ನನ್ನ ಡ್ರಾಯರಿನಲ್ಲಿತ್ತು. ವರ್ಗವಾದಾಗ ಮೇಜು ಖಾಲಿ ಮಾಡುತ್ತ ಮತ್ತೊಮ್ಮೆ ಕಣ್ಣಿಗೆ ಬಿತ್ತು.

ಇಂಥ ಮೇಜುಗಳನ್ನು ಬಲ್ಲವರೇ ಕಟ್ಟಿದ್ದರಿಂದಲೋ ಏನೋ, ಸಂಸ್ಥೆಯ ನಿಯಮದಲ್ಲಿ ತರಬೇತಿಯ ಅವಧಿ ಚಿಕ್ಕದು, ಬೆನ್ನು ಹಿಡಿಯುವ ಅವಧಿ ದೊಡ್ಡದು. ಆರು ವಾರ ಕಲಿಸಿದರೆ ಎರಡು ವರ್ಷ ಅನುಸರಣೆ. ಶಿಬಿರಾರ್ಥಿ ಅಂಗಡಿ ತೆರೆದನೋ, ಬ್ಯಾಂಕು ಏನೆಂದಿತು, ತೆರೆದದ್ದು ಓಡುತ್ತಿದೆಯೋ ಎಂದು ವಿಚಾರಿಸುವುದು. ಮೊದಲು ಕಾರ್ಡು ಬರೆದು, ಬಸ್ಸಿನಲ್ಲಿ ಹೋಗಿ, ಬೈಕಿನಲ್ಲಿ ಹೋಗಿ. ಈಗ ಫೋನಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ. ನನಗೆ ಇದರಲ್ಲಿ ಹಳೆಯ ಪಿಗ್ಮಿಯ ಜಾಡು ಕಾಣುತ್ತದೆ. 1928ರಲ್ಲಿ ಸಿಂಡಿಕೇಟ್ ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ಎರಡಾಣೆಗಾಗಿ ದಿನವೂ ಮನೆ ಬಾಗಿಲಿಗೆ ಬರುತ್ತಿದ್ದ. ನಮ್ಮ ಕಡೆಯ ಬ್ಯಾಂಕಿಗೆ ಜನರ ಮನೆ ಬಾಗಿಲು ತಟ್ಟುವ ಅಭ್ಯಾಸ ಮೊದಲಿನಿಂದ ಇತ್ತು, ಹಣ ತರಲಿಕ್ಕೆ. ಅದೇ ಅಭ್ಯಾಸವನ್ನು ಇಲ್ಲಿ ತಿರುವುಮುರುವು ಮಾಡಿದರು. ಮುಂಬಯಿಯಲ್ಲಿ ಊರಿನ ಅಣ್ಣ ಮಾಡುತ್ತಿದ್ದ 'ನಿಲ್ಲಿಸುವ' ಕೆಲಸ ಅನುಸರಣೆ ಎಂಬ ಹೆಸರಿನಲ್ಲಿ ರಿಜಿಸ್ಟರಿಗೆ ಬಂತು.

ಆ ರಿಜಿಸ್ಟರಿನಲ್ಲಿ ಒಂದು ಪ್ರಾಮಾಣಿಕ ಅಂಕಣವೂ ಇದೆ. ನೆಲೆಯಾದವರನ್ನು ಬ್ಯಾಂಕ್ ಸಾಲ ಪಡೆದವರು, ಸ್ವಂತ ದುಡ್ಡು ಹಾಕಿದವರು, ಸಂಬಳದ ಕೆಲಸಕ್ಕೆ ಸೇರಿದವರು ಎಂದು ಬೇರೆ ಬೇರೆ ಬರೆಯುತ್ತಾರೆ. ಸ್ವಂತ ದುಡ್ಡು ಎಂದರೆ ಅಮ್ಮನ ಕರಿಮಣಿ, ಅಕ್ಕನ ಬೀಡಿಯ ಬೋನಸ್ಸು, ಸಂಘದ ಸಾಲ. ಆ ಅಂಕಣದಲ್ಲಿ ಹೆಸರು ಹೆಚ್ಚಿದಷ್ಟೂ ಬ್ಯಾಂಕಿನವರು ನಾಚಬೇಕು. ಸಂಬಳಕ್ಕೆ ಸೇರಿದವರನ್ನು ಸೋತವರೆಂದು ನೋಡುವ ಕಾಲವೊಂದಿತ್ತು. ನನಗೆ ಹಾಗೆ ಎನಿಸುವುದಿಲ್ಲ. ಗ್ಯಾರೇಜಿನಲ್ಲಿ ಮೂರು ವರ್ಷ ದುಡಿದು ಗಿರಾಕಿಗಳ ಮುಖಪರಿಚಯ ಮಾಡಿಕೊಂಡು ಆಮೇಲೆ ಸ್ವಂತಕ್ಕೆ ಇಳಿದವರೇ ಗಟ್ಟಿಯಾಗಿ ಉಳಿದದ್ದು.

ಕಲಿಸಿದ ಕಸುಬುಗಳೇ ಸತ್ತದ್ದೂ ಉಂಟು. ರೇಡಿಯೊ ರಿಪೇರಿ ಹೋಯಿತು, ಮದುವೆ ಕ್ಯಾಸೆಟ್ಟಿನ ವಿಡಿಯೊ ಹೋಯಿತು, ಫಿಲ್ಮ್ ರೋಲು ತೊಳೆಯುತ್ತಿದ್ದ ಸ್ಟುಡಿಯೊಗಳು ಹೋದವು. ಆ ಜಾಗಕ್ಕೆ ಮೊಬೈಲ್ ರಿಪೇರಿ, ಸಿಸಿಟಿವಿ ಅಳವಡಿಕೆ ಬಂದವು. ಹೊಲಿಗೆ ಮಾತ್ರ ಎಲ್ಲ ಕಾಲದಲ್ಲೂ ಇದೆ. ಒಂದು ಗ್ರಾಮದಲ್ಲಿ ಹೊಲಿಸುವವರಿಗಿಂತ ಹೊಲಿಯುವವರು ಹೆಚ್ಚಾದರೂ ಇದೆ. ಹೆಣ್ಣುಮಕ್ಕಳಿಗೆ ಹೊಲಿಗೆ, ಪಾರ್ಲರ್; ಗಂಡುಮಕ್ಕಳಿಗೆ ಯಂತ್ರ ಎಂಬ ಗೆರೆಯನ್ನು ಅಳಿಸುವಲ್ಲಿ ಇಂಥ ಸಂಸ್ಥೆಗಳು ಇನ್ನಷ್ಟು ಹಟ ಹಿಡಿಯಬಹುದಿತ್ತು. ಇಂದು ತರಬೇತಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನು ನೆನೆದರೆ ಈ ಮಾತು ಇನ್ನೂ ಚುಚ್ಚುತ್ತದೆ.

ಉಜಿರೆಯ ಮಾದರಿ ಧಾರವಾಡ, ಮೈಸೂರು, ಚಿತ್ರದುರ್ಗ, ವಿಜಯಪುರ, ಬ್ರಹ್ಮಾವರಕ್ಕೆ ಹೋಯಿತು. ಗಡಿ ದಾಟಿ ಕಣ್ಣೂರು, ಅನಂತಪುರ, ಮದುರೆ, ಭುವನೇಶ್ವರಕ್ಕೂ ಹೋಯಿತು. 17 ರಾಜ್ಯಗಳಲ್ಲಿ 27 ಸಂಸ್ಥೆಗಳಾದವು. ಅಷ್ಟರಲ್ಲಿ ದೆಹಲಿಯ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನು ಗಮನಿಸಿ, ಜಿಲ್ಲೆಗೊಂದು ಇಂಥ ಸಂಸ್ಥೆ ಇರಲಿ ಎಂದು ತೀರ್ಮಾನಿಸಿತು. 2009ರಲ್ಲಿ ಮಾರ್ಗಸೂಚಿ ಹೊರಟಿತು. ರುಡ್‌ಸೆಟಿ ಎಂಬ ಇಂಗ್ಲಿಷ್ ಹೆಸರಿನಿಂದ ಎರಡಕ್ಷರ ಉದುರಿ ಆರ್‌ಸೆಟಿ ಆಯಿತು. ರಾಜ್ಯ ಸರಕಾರ ಜಾಗ ಕೊಡಬೇಕು, ಕೇಂದ್ರ ಕಟ್ಟಡಕ್ಕೆಂದು 1 ಕೋಟಿ ರೂಪಾಯಿ ಕೊಡಬೇಕು, ಬ್ಯಾಂಕು ನಡೆಸಬೇಕು ಎಂದಿತು ಆ ಮಾರ್ಗಸೂಚಿ. ದೇಶದಲ್ಲಿ ಈಗ 580ಕ್ಕೂ ಹೆಚ್ಚು ಆರ್‌ಸೆಟಿಗಳಿವೆ. ಅವುಗಳ ಉಸ್ತುವಾರಿಗೆ ಬೆಂಗಳೂರಿನಲ್ಲಿ ರುಡ್‌ಸೆಟಿಯ ರಾಷ್ಟ್ರೀಯ ಅಕಾಡೆಮಿ ಕೂತಿತು. ಬೆಳ್ತಂಗಡಿ ತಾಲೂಕಿನ ಒಂದು ಏರ್ಪಾಡನ್ನು ನೋಡಿ ದೆಹಲಿ ಕಲಿತದ್ದು ಸಣ್ಣ ಸಂಗತಿಯಲ್ಲ.

ದೊಡ್ಡದಾದ ಮೇಲೆ ಬರುವ ಕಾಯಿಲೆಗಳೂ ಬಂದವು. ಶಿಬಿರಾರ್ಥಿಗಳಲ್ಲಿ ಶೇ. 70 ಮಂದಿ ಬಡತನ ರೇಖೆಗಿಂತ ಕೆಳಗಿನವರಿರಬೇಕು, ವರ್ಷಕ್ಕೆ ಇಷ್ಟು ಮಂದಿ ಆಗಬೇಕು, ಇಷ್ಟು ಪಾಲು ನೆಲೆಯಾಗಬೇಕು, ಅದಕ್ಕೆ ತಕ್ಕ ಶ್ರೇಣಿ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂದ ಮೇಲೆ ಪಠ್ಯಕ್ರಮವೂ ಒಂದೇ ಅಚ್ಚಿಗೆ ಬಂತು, ಕೊನೆಗೆ ಪರೀಕ್ಷೆ ಮತ್ತು ಪ್ರಮಾಣಪತ್ರ. ಪ್ರಮಾಣಪತ್ರ ಬೇಡವೆಂದಲ್ಲ. ಬೇರೆ ಊರಿಗೆ ಕೆಲಸಕ್ಕೆ ಹೋದಾಗ ಅದು ಆಸರೆ. ಆದರೆ ಹತ್ತನೆಯದರಲ್ಲಿ ಬಿದ್ದವನೂ ಅಳುಕಿಲ್ಲದೆ ಬರುತ್ತಿದ್ದ ಮನೆಯಲ್ಲಿ ಪುನಃ ಪರೀಕ್ಷೆಯ ಗಂಟೆ ಬಾರಿಸುವಾಗ ಸ್ವಲ್ಪ ಮೆಲ್ಲಗೆ ಬಾರಿಸಬೇಕು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ವಿಲೀನವಾಯಿತು. ಮೂವರು ಸೇರಿ ಕಟ್ಟಿದ ಮನೆಯಲ್ಲಿ ಇಬ್ಬರು ಉಳಿದರು. ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ದಿನಗಳಲ್ಲಿ ಬೋರ್ಡು ಬದಲಾದದ್ದನ್ನು ನಿಂತು ನೋಡಿದವರು ಕಡಿಮೆ.

ಕಳೆದ ಬೇಸಿಗೆಯಲ್ಲಿ ನಮ್ಮ ತೋಟದ ಪಂಪು ಸುಟ್ಟಿತು. ಪೇಟೆಯ ರಿವೈಂಡಿಂಗ್ ಅಂಗಡಿಗೆ ಒಯ್ದೆ. ನಲವತ್ತೈದು ದಾಟಿದ ಮಾಲೀಕ, ಕೈಕೆಳಗೆ ಇಬ್ಬರು ಹುಡುಗರು. ಸುಟ್ಟ ಕಾಯಿಲನ್ನು ಉಳಿಯಿಂದ ಕಡಿದು ತೆಗೆದು, ಒಂದೊಂದು ಸ್ಲಾಟಿನ ಸುತ್ತು ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹೊಸ ತಂತಿ ಸುತ್ತಿ, ವಾರ್ನಿಷ್ ಹೊಡೆದು, ಅದು ಒಣಗಬೇಕು. ಎರಡು ದಿನ ಬೇಕು ಸರ್ ಎಂದ. ಗೋಡೆಯಲ್ಲಿ ಮಂಜುನಾಥ ಸ್ವಾಮಿಯ ಪಟ, ಪಕ್ಕದಲ್ಲಿ ಬಣ್ಣ ಮಾಸಿದ ಒಂದು ಗ್ರೂಪ್ ಫೋಟೊ. ನಡುವೆ ಕುರ್ಚಿಯಲ್ಲಿ ಅಧಿಕಾರಿಗಳು, ಹಿಂದೆ ಮೂರು ಸಾಲಿನಲ್ಲಿ ಹುಡುಗರು. ನನ್ನ ಕಣ್ಣು ಅಲ್ಲಿ ನಿಂತದ್ದನ್ನು ನೋಡಿ, ನಾನು ಬ್ಯಾಂಕಿನಲ್ಲಿದ್ದವನೆಂದು ಗೊತ್ತಾಗಿ, ಅವನು ಸ್ಕ್ರೂಡ್ರೈವರಿನ ತುದಿಯಿಂದ ಒಬ್ಬೊಬ್ಬರನ್ನೇ ತೋರಿಸಿದ.

'ಇದು ನಾನು. ಇವ ಮೂಡಿಗೆರೆಯಲ್ಲಿ ದೊಡ್ಡ ಅಂಗಡಿ ಮಾಡಿದ್ದಾನೆ. ಇವ ಕುವೈತಿಗೆ ಹೋದ. ಇವರಿಬ್ಬರು ಪಾಲುದಾರರು, ಈಗ ಮಾತಿಲ್ಲ. ಇವ ಕಸುಬು ಬಿಟ್ಟು ಪುನಃ ಓದಿದ, ಈಗ ಮೆಸ್ಕಾಂನಲ್ಲಿ.' ಹಿಂದಿನ ಸಾಲಿನ ಕೊನೆಯವನ ಮೇಲೆ ತುದಿ ನಿಂತಿತು. 'ಇವ ನಮ್ಮೆಲ್ಲರಿಗಿಂತ ಚುರುಕು ಸರ್. ಸಾಲಕ್ಕೆ ತಿರುಗಿ ತಿರುಗಿ ಆಗ್ಲಿಲ್ಲ ಅಂತ ಬೊಂಬಾಯಿಗೆ ಹೋದ ಅಂತ ಕೇಳಿದ್ದೇನೆ. ಮತ್ತೆ ಗೊತ್ತಿಲ್ಲ.'

ಕನ್ನಡಕ ತೆಗೆದು ಒರೆಸಿ ಹತ್ತಿರ ಹೋಗಿ ನೋಡಿದೆ. ಫೋಟೊದ ಆ ಮೂಲೆಗೆ ನೀರು ಇಳಿದಿತ್ತು.